ಮೂವತ್ತೊಂದನೆಯ ಗೀಟು

ಅವತ್ತು ಬೆಳಿಗ್ಗೆ ಜಗಳವಾದದ್ದು ಕಾಲುಚೀಲಕ್ಕೆ. ಗಂಡ ಒಂದೊಂದು ಕಾಲಿಗೆ ಒಂದೊಂದು ಬಣ್ಣದ್ದು ಏರಿಸಿಕೊಂಡು ಹೊರಟಿದ್ದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಒಂದು ಕಪ್ಪು, ಒಂದು ಕಂದು. ನೋಡಿದವರು ಏನಂದ್ಕೋತಾರೆ?"

"ಬಂಡೆ ಏನೂ ಅಂದ್ಕೊಳ್ಳಲ್ಲ."

"ಹಾಗಾದ್ರೆ ಬಂಡೆ ಜೊತೆಗೇ ಸಂಸಾರ ಮಾಡಿ."

"ಅದನ್ನೇ ಮಾಡ್ತಿರೋದು, ಮೂವತ್ತು ವರ್ಷದಿಂದ. ನೀನು ಎರಡನೆಯವಳು."

ಅವಳು ಪಕ್ಕಕ್ಕೆ ಸರಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಅವನ ಕೆಲಸ ಬೆಟ್ಟದ ರಸ್ತೆ ಕಾಯುವುದು. ದೊಡ್ಡ ರಾಷ್ಟ್ರೀಯ ಉದ್ಯಾನದ ನಡುವೆ ಹೋಗುವ ದಾರಿ ಅದು. ಕೆಳಗೆ ಗೇಟು, ಗೇಟಿನ ಪಕ್ಕದಲ್ಲಿ ಇವರ ಎರಡು ಕೋಣೆಯ ಮನೆ. ಅಲ್ಲಿಂದ ರಸ್ತೆ ಒಂಬತ್ತು ಕಿಲೋಮೀಟರ್ ಸುತ್ತಿ ಸುತ್ತಿ ಏರಿ, ಎರಡು ಸುರಂಗ ದಾಟಿ, ತುದಿಯಲ್ಲಿ ಕಲ್ಲಿನ ಕಟ್ಟೆ ಕಟ್ಟಿದ ಒಂದು ಬಯಲಿಗೆ ಸೇರುತ್ತದೆ. ಅಲ್ಲಿ ನಿಂತರೆ ಕೆಳಗೆ ಕೆರೆ, ಹುಲ್ಲುಗಾವಲು, ಕಾಡು, ಕಾಡಿನಾಚೆ ಇನ್ನೂ ಬೆಟ್ಟ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರು ಬರುವ ಮೊದಲು, ಬೆಳಿಗ್ಗೆ ಐದಕ್ಕೆ, ಒಬ್ಬರು ಅಷ್ಟೂ ದಾರಿ ನಡೆದು ನೋಡಬೇಕು. ಕಲ್ಲು ಬಿದ್ದಿದ್ದರೆ ತೆಗೆಯಬೇಕು. ಬೀಳುವಂತಿದ್ದರೆ ತಿಳಿಯಬೇಕು. ತುದಿ ಮುಟ್ಟಿ ವೈರ್‌ಲೆಸ್ಸಿನಲ್ಲಿ ಹೇಳಿದ ಮೇಲೆಯೇ ಎಂಟು ಗಂಟೆಗೆ ಗೇಟು ತೆರೆಯುತ್ತದೆ.

ಬಿದ್ದ ಕಲ್ಲು ಯಾರಿಗಾದರೂ ಕಾಣುತ್ತದೆ. ಬೀಳುವ ಕಲ್ಲನ್ನು ನೋಡುವುದಕ್ಕೆ ಅವನು ತನ್ನದೇ ದಾರಿ ಹಿಡಿದಿದ್ದ. ರಸ್ತೆಯ ಪಕ್ಕದ ಬಂಡೆಗಳಲ್ಲಿ ಬಿರುಕು ಇರುವ ಕಡೆಯಲ್ಲೆಲ್ಲ, ಬಿರುಕಿಗೆ ಅಡ್ಡವಾಗಿ, ಸುಣ್ಣದಲ್ಲಿ ಒಂದು ನೇರ ಗೀಟು ಎಳೆಯುತ್ತಿದ್ದ. ಬೆರಳಗಲದ ಗೀಟು, ಗೇಣುದ್ದ. ಬಂಡೆ ಅಲುಗಾಡದಿದ್ದರೆ ಗೀಟು ನೇರ. ಬಂಡೆ ಕೂದಲೆಳೆಯಷ್ಟು ಜಾರಿದರೂ ಗೀಟು ಬಿರುಕಿನ ಹತ್ತಿರ ಮುರಿದು, ಅರ್ಧ ಮೇಲೆ, ಅರ್ಧ ಕೆಳಗೆ ನಿಲ್ಲುತ್ತದೆ. ಅಂಥ ಗೀಟು ಒಟ್ಟು ನಲವತ್ತಮೂರು. ಅದಕ್ಕೇ ಊರಿಗೆಲ್ಲ ಅವನು ಗೀಟಪ್ಪ. ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು.

ಮಗಳು ಪೇಟೆಗೆ ಕಲಿಯಲು ಹೋದ ಮೇಲೆ ಹೆಂಡತಿಯೂ ಅವನ ಜೊತೆ ಹತ್ತತೊಡಗಿದಳು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ಬಂಡೆ ನೋಡುವುದು ವಾಸಿ ಎಂದು. ಹನ್ನೊಂದು ವರ್ಷ ಸುಣ್ಣದ ಡಬ್ಬಿ ಹಿಡಿದಳು. ಅವನು ಹೇಳಿಕೊಟ್ಟದ್ದು ಎರಡೇ ಮಾತು. ಮಾಸಿದ ಗೀಟಿನ ಮೇಲೆ ಮತ್ತೆ ಬಳಿಯುವ ಮೊದಲು ನೋಡು. ಮುರಿದ ಗೀಟನ್ನು ಯಾವತ್ತೂ ಜೋಡಿಸಬೇಡ.

ಕಲ್ಲು ಎತ್ತುವ ರಸ್ತೆ ಗ್ಯಾಂಗಿನವರಿಗೆ ಅವನು ಅಷ್ಟನ್ನೂ ಹೇಳಿರಲಿಲ್ಲ. ಗೀಟು ಮುರಿದರೆ ಹೋಗಿ, "ಆ ಬಂಡೆ ಇಳಿಸಿ" ಎನ್ನುತ್ತಿದ್ದ. ಯಾಕೆ ಎಂದು ಅವರು ಕೇಳುವಷ್ಟರಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದ. ಮಾತು ಮುಗಿಸದೆ ಎದ್ದು ಹೋಗುವುದು ಅವನ ಚಾಳಿ. ಮೂವತ್ತು ವರ್ಷದಲ್ಲಿ ಒಂದು ಕಲ್ಲೂ ಯಾರ ಮೇಲೂ ಬಿದ್ದಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು.

ಕಾಲುಚೀಲದ ಜಗಳವಾದ ಆ ದಿನ ಆ ವರ್ಷ ರಸ್ತೆ ತೆರೆದಿದ್ದ ಕೊನೆಯ ದಿನ. ಮರುದಿನದಿಂದ ಚಳಿಗೆ ಮೂರು ತಿಂಗಳು ರಸ್ತೆ ಬಂದ್. ಇಬ್ಬರೂ ನಲವತ್ತಮೂರು ಗೀಟನ್ನೂ ನೋಡಿದರು. ಎಲ್ಲವೂ ನೇರವಾಗಿದ್ದವು. ಮಾಸಿದ್ದವಕ್ಕೆ ಅವನು ಸುಣ್ಣ ಎಳೆದ. ತುದಿಯ ಕಟ್ಟೆಯ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದಾಗ, ಕ್ಯಾಮೆರಾ ಹಿಡಿದ ಒಬ್ಬ ಹೆಂಗಸು, "ಸ್ವಲ್ಪ ಸರೀತೀರಾ? ಫೋಟೋದಲ್ಲಿ ಬರ್ತಿದ್ದೀರ" ಎಂದಳು.

ಅವನು ಸರಿದ. "ನೋಡು," ಎಂದ ಹೆಂಡತಿಗೆ, "ಅರ್ಧ ಪ್ರಪಂಚದ ಮನೇಲಿ ಈ ಬೆಟ್ಟದ ಫೋಟೋ ಇದೆ. ಯಾವುದರಲ್ಲೂ ನಾನಿಲ್ಲ."

"ಇದ್ದಿದ್ರೆ ಕಾಲುಚೀಲ ಕಾಣ್ತಿತ್ತು," ಎಂದಳು.

ಮಗಳು ಓಡಿಸುವ ಬಸ್ಸಿನಲ್ಲಿ ಇಳಿದು ಬಂದರು. ಮಗಳು ಅದೇ ರಸ್ತೆಯಲ್ಲಿ ಪ್ರವಾಸಿಗರ ಬಸ್ಸಿನ ಡ್ರೈವರು. ಊಟ ಮಾಡಿದರು. ಅವನು ಗೊರಕೆ ಹೊಡೆದ. ಅವಳು ಎಂದಿನಂತೆ ಮೊಣಕೈಯಲ್ಲಿ ತಿವಿದಳು. ಅಷ್ಟೇ.

ಮರುದಿನ ಕೆಲಸವಿರಲಿಲ್ಲ. ಆದರೂ ನಾಲ್ಕೂವರೆಗೆ ಎದ್ದ. ಮಂಚದ ಅಂಚಿಗೆ ಕೂತು ಶೂ ಕಟ್ಟಿಕೊಳ್ಳತೊಡಗಿದ. ಒಂದು ಕಟ್ಟಿದ. ಅವಳು ಚಹಾ ತಂದಾಗ ಇನ್ನೊಂದರ ಲೇಸು ಬೆರಳಲ್ಲೇ ಇತ್ತು. ಉಸಿರು ಇರಲಿಲ್ಲ. ಡಾಕ್ಟರು ಹೃದಯ ಎಂದರು.

*

ಚಳಿಗಾಲದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಅವಳು ಎರಡು ಲೋಟ ಚಹಾ ಮಾಡುತ್ತಿದ್ದಳು, ಒಂದನ್ನು ಚೆಲ್ಲುತ್ತಿದ್ದಳು. ಮಗಳು ಹದಿನೈದು ದಿನ ಇದ್ದು, "ನಡಿ ಅಮ್ಮ, ಪೇಟೆಗೆ ಹೋಗೋಣ" ಎಂದು ದುಂಬಾಲು ಬಿದ್ದಳು.

"ಅಲ್ಲಿ ಏನಿದೆ?"

"ನಾನಿದ್ದೀನಿ. ಇಲ್ಲಿ ಏನಿದೆ? ಬಂಡೆ."

"ಬಂಡೆ ಎದುರು ಮಾತಾಡಲ್ಲ."

ಮಗಳು ಮುಖ ಊದಿಸಿಕೊಂಡು ಹೋದಳು. ಮರುದಿನವೇ ಫೋನು ಮಾಡಿ ಊಟ ಆಯಿತೇ ಎಂದು ಕೇಳಿದಳು.

ಇಲಾಖೆಯ ಇಂಜಿನಿಯರು ಒಮ್ಮೆ ಬಂದ. ಆ ವರ್ಷವೇ ಬಂದ ಹೊಸಬ, ಚಿಕ್ಕ ವಯಸ್ಸು, ಒಳ್ಳೆಯ ಹುಡುಗ. ರಸ್ತೆ ತೆರೆದ ಮೇಲೆ ಟಿಕೆಟ್ ಕೋಣೆ ಗುಡಿಸುವ ಕೆಲಸ ಕೊಡಿಸುತ್ತೇನೆ, ಮನೆ ಬಿಡಬೇಕಾಗಿಲ್ಲ ಎಂದ. ಅವಳು ತಲೆಯಾಡಿಸಿದಳು. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವಳು ತಲೆಯಾಡಿಸುತ್ತಿದ್ದಳು. ರಸ್ತೆ ನೋಡುವ ಕೆಲಸವನ್ನು ಇನ್ನು ಮುಂದೆ ಜೀಪಿನಲ್ಲಿ ಹೋಗಿ ಮುಗಿಸುತ್ತೇವೆ ಎಂದೂ ಅವನು ಹೇಳಿದ್ದ. ಅದು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮಂಜು ಕರಗಿತು. ರಸ್ತೆ ತೆರೆಯಲು ಇನ್ನೊಂದು ವಾರವಿತ್ತು. ಒಂದು ಬೆಳಿಗ್ಗೆ ಗ್ಯಾಂಗಿನ ಮೇಸ್ತ್ರಿ ಬಂದು ಬಾಗಿಲು ತಟ್ಟಿದ. ಗೀಟಪ್ಪನನ್ನು ಅಣ್ಣ ಎನ್ನುತ್ತಿದ್ದವನು, ಇವಳನ್ನು ಅತ್ತಿಗೆ ಎನ್ನುವವನು. ಎಂದೂ ಇಲ್ಲದ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಅತ್ತಿಗೆ, ಹೊರಡಿ. ನಿಮಗೆ ಒಂದು ತೋರಿಸ್ಬೇಕು."

"ಏನು?"

"ಹೇಳಿದ್ರೆ ಮಜಾ ಹೋಗುತ್ತೆ. ಬನ್ನಿ."

ಟಿಪ್ಪರಿನಲ್ಲಿ ಕೂರಿಸಿಕೊಂಡು ಹತ್ತಿಸಿದ. ಮೊದಲ ತಿರುವಿನಲ್ಲಿ ನಿಲ್ಲಿಸಿ ಕೆಳಗಿಳಿದು, ಮದುಮಗನ ಅಪ್ಪನ ಹಾಗೆ ಕೈ ಚಾಚಿ ಬಂಡೆ ತೋರಿಸಿದ. ಬಂಡೆಯ ಮೇಲೆ ಒಂದನೆಯ ಗೀಟು ಇತ್ತು. ಹಾಲಿನಂತೆ ಬಿಳಿ, ಅಂಗೈ ಅಗಲ, ಹೊಳೆಯುವ ಎಣ್ಣೆಬಣ್ಣ.

"ನಾವು ನಾಲ್ಕು ಜನ ಸೇರಿ ಬಳಿದದ್ದು. ಎರಡು ದಿನ ರಜೆ ಹಾಕಿ. ಅಣ್ಣನ ಗೀಟು ಮಳೆಗೆ ಅಳಿಸಿ ಹೋಗಬಾರದು ಅಂತ. ನಲವತ್ತಮೂರಕ್ಕೂ ಬಳಿದಿದ್ದೀವಿ, ಒಂದನ್ನೂ ಬಿಟ್ಟಿಲ್ಲ."

ಅವನ ಕಣ್ಣು ಒದ್ದೆಯಾಗಿತ್ತು. ಅವಳೂ ಅಳುತ್ತಾಳೆ ಎಂದು ಕಾಯುತ್ತಿದ್ದ. ಅವಳು ಬಂಡೆಯ ಹತ್ತಿರ ಹೋಗಿ ಬಿರುಕಿನ ಮೇಲೆ ಬೆರಳಿಟ್ಟಳು.

"ಬಳಿಯೋಕೆ ಮೊದಲು ನೋಡಿದ್ರಾ?"

"ಏನನ್ನ?"

"ಗೀಟನ್ನ. ಎಲ್ಲಾ ನೇರವಾಗಿದ್ವಾ?"

"ಹೂಂ, ಹೆಚ್ಚುಕಮ್ಮಿ ನೇರವೇ. ಒಂದೆರಡು ಸ್ವಲ್ಪ ಸೊಟ್ಟಗಿದ್ವು, ಮುರಿದ ಹಾಗೆ. ಅಣ್ಣನಿಗೆ ವಯಸ್ಸಾಗಿತ್ತಲ್ಲ, ಕೈ ನಡುಗಿರುತ್ತೆ ಅಂದ್ಕೊಂಡ್ವಿ. ಪಟ್ಟಿ ಇಟ್ಟು ನೇರ ಮಾಡಿದ್ವಿ."

"ಕತ್ತೆಗಳಾ!" ಎಂದಳು ಅವಳು. ಚಳಿಗಾಲವಿಡೀ ಇಷ್ಟು ಜೋರಾಗಿ ಅವಳು ಏನನ್ನೂ ಹೇಳಿರಲಿಲ್ಲ. "ಯಾವುದು? ಎಷ್ಟನೇದು ಸೊಟ್ಟಗಿತ್ತು?"

ಮೇಸ್ತ್ರಿ ಬಣ್ಣ ಬಳಿದ ಗೀಟನ್ನು ಮತ್ತೊಮ್ಮೆ ತಿರುಗಿ ನೋಡಿದ. ಅವಳು ಅಲ್ಲೇ ನಿಂತು, ಗೀಟು ಯಾಕೆ, ಮುರಿದರೆ ಏನರ್ಥ ಎಂದು ಬಿಡಿಸಿ ಹೇಳಿದಳು. ಅವಳ ಗಂಡ ಮೂವತ್ತು ವರ್ಷ ಹೇಳದೆ ಬಿಟ್ಟದ್ದನ್ನು ಎರಡು ನಿಮಿಷದಲ್ಲಿ ಹೇಳಿದಳು. ಮೇಸ್ತ್ರಿ ಟಿಪ್ಪರಿನ ಮೆಟ್ಟಿಲ ಮೇಲೆ ಕುಸಿದು ಕೂತ. ಇಸ್ತ್ರಿ ಅಂಗಿಗೆ ಗ್ರೀಸು ಅಂಟಿತು.

"ಅಯ್ಯೋ ಅತ್ತಿಗೆ. ನಾಲ್ಕು ಜನ ನಾಲ್ಕು ಕಡೆ ಬಳಿದ್ವಿ. ಯಾವುದು ಅಂತ ಯಾರಿಗೆ ನೆನಪಿರುತ್ತೆ?"

ಬಿರುಕಿಗೆ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಬಂಡೆಯನ್ನು ಒಳಗಿನಿಂದ ನೂಕುತ್ತದೆ. ಹಾಗಾಗಿ ಪ್ರತಿ ವರ್ಷ ಮಂಜು ಕರಗಿದ ಮೇಲಿನ ಮೊದಲ ವಾರವೇ ಕೆಟ್ಟದ್ದು. ಗೀಟಪ್ಪ ಆ ವಾರ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಈಗ ಆ ವಾರವೇ ನಡೆಯುತ್ತಿತ್ತು. ಎಲ್ಲೋ ಒಂದು ಬಂಡೆ ಜಾರಿತ್ತು, ಬಹುಶಃ ಎರಡು. ಅದನ್ನು ಹೇಳುವ ಗೀಟಿನ ಮೇಲೆ ಹೊಳೆಯುವ ಬಿಳಿ ಬಣ್ಣ ಕೂತಿತ್ತು. ಏಳನೆಯ ದಿನ ಗೇಟು ತೆರೆದರೆ ಮೊದಲು ಹತ್ತುವುದು ಮಗಳ ಬಸ್ಸು. ಆದರೆ ಅವಳು ಯೋಚಿಸಿದ್ದು ಮಗಳ ಬಗ್ಗೆ ಮಾತ್ರವಲ್ಲ. ಮೂವತ್ತು ವರ್ಷ ಬೀಳದ ಕಲ್ಲು ಈ ವರ್ಷ ಬಿದ್ದರೆ, ಗೀಟಪ್ಪನ ಗೀಟು ಸುಳ್ಳು ಹೇಳಿತು ಎನ್ನುತ್ತಾರೆ. ಅದನ್ನು ಅವಳು ತಡೆದುಕೊಳ್ಳಲಾರಳು.

"ಎದ್ದೇಳು," ಎಂದಳು ಮೇಸ್ತ್ರಿಗೆ. "ಕೂತು ಅಳೋಕೆ ಟೈಮಿಲ್ಲ."

*

ಮೊದಲು ಕೆರೆದು ನೋಡಿದರು. ಬಣ್ಣದ ಜೊತೆ ಒಳಗಿನ ಸುಣ್ಣವೂ ಸಿಪ್ಪೆಯಂತೆ ಎದ್ದು ಬಂತು. ಒಂದನೆಯದು ಹೋಯಿತು. ಎರಡನೆಯದನ್ನು ಹಗುರವಾಗಿ ಕೆರೆದರೂ ಹೋಯಿತು. ಮೂರನೆಯದನ್ನು ಅವಳೇ ತನ್ನ ಅಡುಗೆಮನೆಯ ಚಾಕುವಿನಲ್ಲಿ, ಉಸಿರು ಬಿಗಿಹಿಡಿದು ಕೆರೆದಳು. ಅದೂ ಹೋಯಿತು. ಬರೀ ಬಂಡೆ ಉಳಿಯಿತು. ಗಂಡನ ಕೈ ಎಳೆದ ಮೂರು ಗೀಟನ್ನು ತಾನೇ ಅಳಿಸಿದಂತಾಯಿತು. ಅಲ್ಲಿ ಅವಳು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತಳು. ಮೇಸ್ತ್ರಿ ಟಿಪ್ಪರಿನ ಟೈರು ನೋಡುತ್ತ ನಿಂತ.

ಆಮೇಲೆ ಅವಳಿಗೆ ಮನೆಯ ಕಿಟಕಿ ನೆನಪಾಯಿತು. ಚೌಕಟ್ಟಿಗೆ ಬಣ್ಣ ಬಳಿದಾಗಲೆಲ್ಲ ಗಾಜಿಗೆ ಸಿಡಿಯುತ್ತಿತ್ತು. ಗಾಜು ಗೀಚಬಾರದೆಂದು ಅವಳು ಕೆರೆಯುತ್ತಿರಲಿಲ್ಲ, ಥಿನ್ನರಿನಲ್ಲಿ ಅದ್ದಿದ ಬಟ್ಟೆ ಅಂಟಿಸಿಟ್ಟು ಕಾಯುತ್ತಿದ್ದಳು.

"ಥಿನ್ನರ್ ಇದೆಯಾ?"

"ಎರಡು ಡಬ್ಬಿ ಇದೆ. ಕುಂಚ ತೊಳೆಯೋಕೆ ತಂದದ್ದು."

"ಒಳ್ಳೆ ಕೆಲಸ ಒಂದಾದ್ರೂ ಮಾಡಿದ್ದೀರಿ."

ನಾಲ್ಕನೆಯ ಗೀಟಿನ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿದಳು. ಐದು ನಿಮಿಷ. ಬಟ್ಟೆಯನ್ನು ಉಜ್ಜದೆ, ಮೆಲ್ಲಗೆ ಸುತ್ತಿಕೊಂಡಂತೆ ಎತ್ತಿದಳು. ಬಣ್ಣ ಕೆನೆಯಂತೆ ಬಟ್ಟೆಗೆ ಬಂತು. ಕೆಳಗೆ, ಬಂಡೆಯ ಕಣಕಣದಲ್ಲಿ ಕೂತುಕೊಂಡು, ಬೆರಳಗಲದ ಹಳೆಯ ಗೀಟು ಕಂಡಿತು. ನೇರವಾಗಿತ್ತು. ಎಡತುದಿಯಲ್ಲಿ, ಕುಂಚ ಎತ್ತುವಾಗ ಅವನು ಯಾವಾಗಲೂ ಬಿಡುತ್ತಿದ್ದ ಸಣ್ಣ ಬಾಲವೂ ಇತ್ತು.

"ಬಂದ," ಎಂದಳು ಅವಳು. ಯಾರಿಗೆ ಹೇಳಿದಳೋ.

ಮೇಸ್ತ್ರಿ ಉಳಿದ ಮೂವರನ್ನೂ ಕರೆಸಿದ. ಬಟ್ಟೆಗೆ ಅವಳ ಹಳೆಯ ಹಾಸಿಗೆ ಹೊದಿಕೆ ಹರಿದರು. ಯಾರೂ ಉಜ್ಜಕೂಡದು, ಎತ್ತುವ ಮೊದಲು ತನ್ನನ್ನು ಕರೆಯಬೇಕು ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಅವರಲ್ಲೊಬ್ಬ, "ಅತ್ತಿಗೆ, ಹೆರಿಗೆ ಮಾಡಿಸ್ತಿದ್ದೀವೋ ಬಣ್ಣ ತೆಗೀತಿದ್ದೀವೋ?" ಎಂದ. "ಬಾಯಿ ಮುಚ್ಚಿ ಹಿಡ್ಕೋ," ಎಂದಳು. ಅವನು ಬಾಯಿ ಮುಚ್ಚಿದ, ಮೂಗನ್ನೂ ಮುಚ್ಚಿದ. ಥಿನ್ನರಿನ ವಾಸನೆಗೆ ಎಲ್ಲರ ತಲೆ ಗಿರ್ರೆನ್ನುತ್ತಿತ್ತು.

ಹನ್ನೆರಡನೆಯ ಗೀಟು ಮುರಿದಿತ್ತು. ಅದು ಸಣ್ಣ ಕಲ್ಲು, ಕುರಿಯಷ್ಟು. ನಾಲ್ವರು ಹಾರೆ ಹಾಕಿ ಕಾಲು ಗಂಟೆಯಲ್ಲಿ ಕೆಳಗಿಳಿಸಿ ಬದಿಗೆ ಉರುಳಿಸಿದರು. "ಇದೇ ಇರಬೇಕು, ಇದೇ," ಎಂದು ಮೇಸ್ತ್ರಿ ಎದೆ ಮೇಲೆ ಕೈಯಿಟ್ಟುಕೊಂಡ. "ಒಂದೆರಡು ಅಂದ್ಯಲ್ಲ," ಎಂದಳು. "ಇನ್ನೂ ಒಂದು ಇದೆ."

ಮರುದಿನ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಎರಡನೆಯ ಸುರಂಗದ ಬಾಯಿಗೆ ಬಂದರು. ಮೂವತ್ತೊಂದನೆಯ ಗೀಟು ಅಲ್ಲಿ. ಏಣಿ ಹಾಕಿ ಅವಳೇ ಹತ್ತಿದಳು. ಬಟ್ಟೆ ಒತ್ತಿದಳು, ಎತ್ತಿದಳು. ಬಲಗಡೆಯ ಅರ್ಧ ಇದ್ದಲ್ಲೇ ಇತ್ತು. ಎಡಗಡೆಯ ಅರ್ಧ ಎರಡು ಬೆರಳು ಕೆಳಗೆ ಜಾರಿತ್ತು.

ಹಾರೆಯಿಂದ ತಟ್ಟಿದಳು. ಗಟ್ಟಿ ಬಂಡೆ ಠಣ್ ಎನ್ನುತ್ತದೆ. ಇದು ಒಡೆದ ಮಡಕೆಯ ಹಾಗೆ ಡಬ್ಬೆಂದಿತು. ಏಣಿಯಿಂದ ಇಳಿದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಕತ್ತೆತ್ತಿ ನೋಡಿದಳು. ಬಿರುಕು ಸುರಂಗದ ನೆತ್ತಿಯವರೆಗೂ ಹೋಗಿತ್ತು. ಎಡಗಡೆಯ ಚಪ್ಪಡಿ ಒಂದು ಬಸ್ಸಿನಷ್ಟಿತ್ತು. ಆ ಸುರಂಗ ಕಿರಿದು, ಒಂದು ಸಲಕ್ಕೆ ಒಂದು ಕಡೆಯ ಗಾಡಿ ಮಾತ್ರ ಹೋಗುತ್ತದೆ. ಎದುರಿನ ಗಾಡಿ ಬರುವ ತನಕ ಬಸ್ಸು ಕಾಯುವ ಜಾಗ ಸರಿಯಾಗಿ ಆ ಚಪ್ಪಡಿಯ ಕೆಳಗೆ.

ಮೇಸ್ತ್ರಿಯ ಮುಖ ಸುಣ್ಣದಂತಾಯಿತು. "ಇದನ್ನ ನಾವೇ ಇಳಿಸೋಕೆ ಆಗಲ್ಲ. ಸಾಹೇಬರಿಗೆ ಹೇಳಬೇಕು. ಹೇಳಿದ್ರೆ..."

"ಹೇಳಿದ್ರೆ ಬೈತಾರೆ. ಹೇಳದಿದ್ರೆ?"

ಅವನು ಫೋನು ತೆಗೆದ.

*

ಇಂಜಿನಿಯರು ಬೆಳಿಗ್ಗೆ ಜೀಪಿನಲ್ಲಿ ಬಂದ. ಕೈಯಲ್ಲಿ ಫೈಲು ಇತ್ತು. ರಸ್ತೆ ಸರಿಯಿದೆ ಎಂದು ಹೋದ ವಾರ ಜೀಪಿನಲ್ಲಿ ಸುತ್ತಿ ಬಂದು ತಾನೇ ಸಹಿ ಹಾಕಿದ ಕಾಗದ ಅದರಲ್ಲಿತ್ತು. ನಾಲ್ಕು ದಿನದಲ್ಲಿ ಗೇಟು ತೆರೆಯಬೇಕು, ಬಸ್ಸುಗಳೆಲ್ಲ ಆಗಲೇ ಭರ್ತಿಯಾಗಿದ್ದವು.

"ಬಣ್ಣ ಬಳಿದದ್ದು ನಾನೇ ಸಾರ್," ಎಂದು ಮೇಸ್ತ್ರಿ ಯಾರೂ ಕೇಳುವ ಮೊದಲೇ ಹೇಳಿಬಿಟ್ಟ. "ಪಟ್ಟಿ ಇಟ್ಟು ನೇರ ಮಾಡಿದ್ದೂ ನಾನೇ. ಇವರಿಗೆ ಏನೂ ಅನ್ನಬೇಡಿ."

ಇಂಜಿನಿಯರು ಏಣಿ ಹತ್ತಿ ನೋಡಿದ. ಇಳಿದು ತಲೆ ಕೆರೆದುಕೊಂಡ.

"ಅಮ್ಮಾ, ತಪ್ಪು ತಿಳೀಬೇಡಿ. ಎಳೆಯುವಾಗಲೇ ಗೀಟು ಹೀಗೆ ಸೊಟ್ಟ ಆಗಿರಬಹುದಲ್ವಾ?"

"ನನ್ನ ಗಂಡನಿಗೆ ಸಿಟ್ಟಿತ್ತು. ಗೊರಕೆ ಇತ್ತು. ಮಾತು ಮುಗಿಸದೆ ಎದ್ದು ಹೋಗೋ ಚಾಳಿ ಇತ್ತು. ಸೊಟ್ಟ ಗೀಟು ಇರಲಿಲ್ಲ."

ಗ್ಯಾಂಗಿನವರಲ್ಲಿ ಯಾರೋ ಕಿಸಕ್ಕೆಂದರು.

"ರಸ್ತೆ ಮುಚ್ಚೋ ದಿನ ಇದು ನೇರವಾಗಿತ್ತು," ಎಂದಳು ಅವಳು. "ಸುಣ್ಣದ ಡಬ್ಬಿ ಹಿಡಿದವಳು ನಾನು."

"ನಾನು ನಂಬ್ತೀನಿ. ಆದ್ರೆ ಮೇಲಿನವರು ನಂಬಬೇಕಲ್ಲ. ಬಂಡೆ ಇಳಿಸೋದು ಅಂದ್ರೆ ಸಣ್ಣ ಕೆಲಸ ಅಲ್ಲ. ಹಳೇ ಸುಣ್ಣ ನೋಡಿ ಬಂಡೆ ಇಳಿಸಿದೆ ಅಂತ ಹೇಗೆ ಬರೀಲಿ?"

"ಹಳೇದು ಬೇಡ, ಹೊಸದು ನೋಡಿ."

ಅವಳು ಮನೆಯಿಂದ ತಂದಿದ್ದ ಸುಣ್ಣದ ಡಬ್ಬಿ ಹಿಡಿದು ಮತ್ತೆ ಏಣಿ ಹತ್ತಿದಳು. ಹಳೆಯ ಗೀಟಿನಿಂದ ಒಂದು ಗೇಣು ಕೆಳಗೆ, ಅದೇ ಬಿರುಕಿಗೆ ಅಡ್ಡವಾಗಿ, ಹೊಸ ಗೀಟು ಎಳೆದಳು. ಹನ್ನೊಂದು ವರ್ಷ ಡಬ್ಬಿ ಹಿಡಿದಿದ್ದಳೇ ಹೊರತು ಗೀಟು ಎಳೆಯಲು ಕುಂಚ ಹಿಡಿದದ್ದು ಅದೇ ಮೊದಲು. ಇಂಜಿನಿಯರು ತನ್ನ ಸ್ಕೇಲು ಇಟ್ಟು ನೋಡಿದ. ಕೂದಲಷ್ಟೂ ಓರೆಯಿರಲಿಲ್ಲ. ಅವನು ಅದರ ಫೋಟೋ ತೆಗೆದುಕೊಂಡ.

"ನಾಳೆ ಬೆಳಿಗ್ಗೆ ಬನ್ನಿ," ಎಂದಳು. "ಇದು ಹೀಗೇ ಇದ್ರೆ ನಾನು ಟಿಕೆಟ್ ಕೋಣೆ ಗುಡಿಸಿಕೊಂಡು ಬಾಯಿ ಮುಚ್ಕೊಂಡಿರ್ತೀನಿ. ಮುರಿದ್ರೆ ಬಂಡೆ ಇಳಿಸ್ಬೇಕು."

ಆ ದಿನ ಉಳಿದ ಗೀಟುಗಳ ಬಣ್ಣವನ್ನೆಲ್ಲ ತೆಗೆದರು. ಎಲ್ಲವೂ ನೇರವಾಗಿದ್ದವು. ಕೆರೆದು ಹಾಳಾಗಿದ್ದ ಮೊದಲ ಮೂರು ಕಡೆ ಅವಳು ಹಾರೆಯಿಂದ ತಟ್ಟಿ ಕೇಳಿದಳು. ಮೂರೂ ಠಣ್ ಎಂದವು. ಅಲ್ಲಿಗೂ ಹೊಸ ಗೀಟು ಎಳೆದಳು, ಹನ್ನೆರಡನೆಯ ಕಲ್ಲು ಇದ್ದ ಜಾಗದ ಬಿರುಕಿಗೂ ಒಂದು. ಮಧ್ಯಾಹ್ನ ಬಿಸಿಲು ಚುರುಕಾಗಿತ್ತು, ಸಂಜೆಗೆ ಮತ್ತೆ ಕೊರೆಯುವ ಚಳಿ. ಮನೆಗೆ ಹೋಗುವಾಗ ಆ ಚಳಿಗೆ ಅವಳಿಗೆ ಖುಷಿಯೂ ಆಯಿತು, ಭಯವೂ ಆಯಿತು.

ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಇಂಜಿನಿಯರು ಆಗಲೇ ಏಣಿಯ ಮೇಲಿದ್ದ. ತಿಂಡಿಯನ್ನೂ ತಿಂದು ಬಂದಿರಲಿಲ್ಲ. ಗೀಟಿನ ಕೆಳಗೆ ಸ್ಕೇಲು ಒತ್ತಿ ಹಿಡಿದಿದ್ದ. ಬಲಗಡೆಯಲ್ಲಿ ಗೀಟು ಸ್ಕೇಲಿಗೆ ಅಂಟಿಕೊಂಡಿತ್ತು. ಎಡಗಡೆಯಲ್ಲಿ ಸ್ಕೇಲಿನ ಕೆಳಗೆ ಸರಿದು ಮಾಯವಾಗಿತ್ತು. ಉಗುರಿನಷ್ಟು. ಒಂದೇ ದಿನಕ್ಕೆ.

ಅವನು ಏಣಿಯಿಂದ ಇಳಿದದ್ದು ಬೆಕ್ಕು ಇಳಿಯುವ ಹಾಗೆ, ಸದ್ದೇ ಆಗದಂತೆ. "ಎಲ್ಲರೂ ಹಿಂದಕ್ಕೆ ಹೋಗಿ," ಎಂದ. ಫೈಲು ತೆರೆದು, ತಾನು ಸಹಿ ಹಾಕಿದ್ದ ಕಾಗದವನ್ನು ಎರಡು ತುಂಡು ಮಾಡಿ ಜೇಬಿಗೆ ಹಾಕಿಕೊಂಡ. ಅವತ್ತಿನಿಂದ ಅವಳಿಗೆ ಆ ಹುಡುಗನ ಮೇಲೆ ಗೌರವ.

*

ಅದೇ ದಿನ ಮಧ್ಯಾಹ್ನ ಬಂಡೆ ಇಳಿಸಿದರು. ಮೇಸ್ತ್ರಿ ಮತ್ತು ಇನ್ನಿಬ್ಬರು ಬೆಟ್ಟದ ಹಿಂಬದಿಯಿಂದ ಹತ್ತಿ, ಗಟ್ಟಿ ಬಂಡೆಗೆ ಹಗ್ಗ ಬಿಗಿದು, ಸೊಂಟಕ್ಕೆ ಕಟ್ಟಿಕೊಂಡು, ಬಿರುಕಿನ ನೆತ್ತಿಯಲ್ಲಿ ಲಾರಿಯ ಎರಡು ಜ್ಯಾಕ್ ಇಟ್ಟರು. ಇಂಜಿನಿಯರು ಮತ್ತು ಅವಳು ದೂರದ ತಿರುವಿನಲ್ಲಿ ನಿಂತರು.

"ಎಷ್ಟು ಹೊತ್ತು ಬೇಕಾಗಬಹುದು?" ಎಂದ ಇಂಜಿನಿಯರು.

"ಬಂಡೆ ಮನಸ್ಸು ಮಾಡಿದಾಗ."

ಬಹಳ ಹೊತ್ತು ಬೇಕಾಗಲಿಲ್ಲ. ಜ್ಯಾಕಿನ ಹಿಡಿ ಹತ್ತು ಸಲ ಎದ್ದು ಬಿದ್ದಿರಬೇಕು. ಮೊದಲು ಮಣ್ಣು ಉದುರಿತು, ಗೋಣಿಯಿಂದ ಕಾಳು ಉದುರುವ ಹಾಗೆ. ಆಮೇಲೆ ಚಪ್ಪಡಿ ನಿಂತ ಹಾಗೇ, ಬಾಗದೆ, ಒಂದು ಮೊಳ ಕೆಳಗೆ ಕುಸಿಯಿತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಮುಂದಕ್ಕೆ ಮುಗ್ಗರಿಸಿತು. ಸದ್ದು ಕಿವಿಗಿಂತ ಮೊದಲು ಕಾಲಿಗೆ ಬಂತು. ಬೆಟ್ಟವೆಲ್ಲ ಧೂಳು. ಹುಲ್ಲುಗಾವಲಿನಿಂದ ಜಿಂಕೆಗಳು ಒಂದೇ ಉಸಿರಿಗೆ ಕಾಡು ಸೇರಿದವು.

ಧೂಳು ಕೂತ ಮೇಲೆ ನೋಡಿದರು. ಬಸ್ಸು ಕಾಯುವ ಜಾಗದ ತುಂಬ, ಅಂಚಿನಿಂದ ಅಂಚಿಗೆ, ಮನೆಯೆತ್ತರ ಕಲ್ಲು ಬಿದ್ದಿತ್ತು. ಬದಿಯ ಕಟ್ಟೆಯ ಇಪ್ಪತ್ತು ಅಡಿ ಪುಡಿಯಾಗಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ. ಒಂದು ಇರುವೆ ಸತ್ತಿದ್ದರೆ ಸತ್ತಿರಬೇಕು.

ಮೇಲಿನಿಂದ ಮೇಸ್ತ್ರಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. "ಅತ್ತಿಗೇ! ಬಿತ್ತು ನೋಡಿ!"

"ಕುರುಡಿ ಅಲ್ಲ ನಾನು!" ಎಂದು ಅವಳು ಕೂಗಿದಳು. ಕೂಗಿ ನಕ್ಕಳು. ನಗು ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು, ರಸ್ತೆಯ ನಡುವೆ ಕೂತು ನಕ್ಕಳು. ನಗುತ್ತಲೇ ಅಳು ಬಂತು, ಅದನ್ನೂ ಅತ್ತಳು. ಇಂಜಿನಿಯರು ಏನು ಮಾಡಬೇಕೆಂದು ತಿಳಿಯದೆ ತನ್ನ ನೀರಿನ ಬಾಟಲಿ ಕೊಟ್ಟ. ಅವಳು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, "ಲೋಡರ್ ಯಾವಾಗ ಬರುತ್ತೆ?" ಎಂದಳು.

ಲೋಡರ್ ಸಂಜೆಯೇ ಬಂತು. ಎರಡು ದಿನ ಕಲ್ಲು ಎತ್ತಿದರು. ಪುಡಿಯಾದ ಕಟ್ಟೆಯ ಜಾಗದಲ್ಲಿ ಡ್ರಮ್ಮು ಸಾಲಾಗಿಟ್ಟರು. ಮೂರನೆಯ ಸಂಜೆ ಇಂಜಿನಿಯರು ಅವಳ ಮನೆಗೆ ಬಂದು, ಕೊಟ್ಟ ಕುರ್ಚಿಯ ತುದಿಯಲ್ಲಿ ಕೂತ.

"ಅಮ್ಮಾ, ಟಿಕೆಟ್ ಕೋಣೆ ಕೆಲಸ ಬೇಡ ಅಲ್ವಾ?"

"ಬೇಡ."

"ರಸ್ತೆ ಕೆಲಸ ಕೊಡೋಣ ಅಂತ ಮೇಲೆ ಹೇಳಿದ್ದೀನಿ. ಒಪ್ಪಿದ್ದಾರೆ. ಆದ್ರೆ ದಿನಾ ವರದಿ ಬರೀಬೇಕು. ಓದು ಬರಹ?"

"ಹೆಸರು ಬರೀತೀನಿ. ನಲವತ್ತಮೂರರ ತನಕ ಎಣಿಸ್ತೀನಿ. ಇನ್ನೇನು ಬೇಕು?"

ಅವನು ವರದಿ ಪುಸ್ತಕದ ಒಂದು ಹಾಳೆಯಲ್ಲಿ ನಲವತ್ತಮೂರು ಚೌಕ ಹಾಕಿ, ಒಂದೊಂದಕ್ಕೂ ನಂಬರು ಬರೆದು, ಅವಳ ಮುಂದಿಟ್ಟ. "ಸರಿಯಿದ್ರೆ ನೇರ ಗೀಟು. ಮುರಿದಿದ್ರೆ ಮುರಿದ ಗೀಟು. ಕೆಳಗೆ ನಿಮ್ಮ ಹೆಸರು."

"ಸಂಬಳ ಅವರಿಗೆ ಕೊಡ್ತಿದ್ದಷ್ಟೇ ಕೊಡ್ಬೇಕು," ಎಂದಳು ಅವಳು. "ಒಂದು ಚೂರೂ ಕಮ್ಮಿ ಇಲ್ಲ."

"ಅಷ್ಟೇ, ಅಷ್ಟೇ."

"ಹಾಗಾದ್ರೆ ಚಹಾ ಕುಡೀರಿ."

*

ರಸ್ತೆ ಹೇಳಿದ ದಿನವೇ ತೆರೆಯಿತು. ಬೆಳಿಗ್ಗೆ ಐದಕ್ಕೆ ಅವಳು ಒಬ್ಬಳೇ ಹೊರಟಳು. ಒಬ್ಬಳೇ ಎಂದುಕೊಂಡಿದ್ದಳು. ಮೊದಲ ತಿರುವಿನಲ್ಲಿ ಮೇಸ್ತ್ರಿ ಮತ್ತು ಮೂವರೂ ಕೈ ಕಟ್ಟಿ ನಿಂತಿದ್ದರು.

"ಏನಿದು?"

"ಗೀಟು ನೋಡೋದು ಹೇಗೆ ಅಂತ ಕಲೀಬೇಕು. ಮಾತು ಮುಗಿಸಿ ಹೇಳ್ಕೊಡಿ, ಅಣ್ಣನ ಥರ ಅರ್ಧಕ್ಕೆ ಎದ್ದು ಹೋಗಬೇಡಿ."

ನಲವತ್ತಮೂರನ್ನೂ ತೋರಿಸಿ ಹೇಳುವಷ್ಟರಲ್ಲಿ ಬಿಸಿಲೇರಿತ್ತು. ತುದಿಯಲ್ಲಿ ನಿಂತು ವೈರ್‌ಲೆಸ್ಸಿನ ಗುಂಡಿ ಒತ್ತಿದಳು. "ಗೇಟು ತೆಗಿಯಪ್ಪ," ಎಂದಳು. "ಎಲ್ಲಾ ನೋಡಿದ್ದೀನಿ." ಆ ಕಡೆಯಿಂದ ಗೇಟಿನವನು, "ತೆಗೆದೆ ಅಕ್ಕಾ," ಎಂದ. ಅಷ್ಟು ದೂರದಿಂದಲೂ ಕೆಳಗಿನ ಗಾಡಿಗಳ ಹಾರನ್ ಸದ್ದು ಕೇಳಿಸಿತು. ಸಾಲು ಕೆರೆಯವರೆಗೂ ಇತ್ತಂತೆ.

ಮೊದಲು ಬಂದದ್ದು ಮಗಳ ಬಸ್ಸು. ಸುರಂಗ ದಾಟಿ ತುದಿಗೆ ಬಂದು, ಬುಸ್ಸೆಂದು ಬಾಗಿಲು ತೆರೆಯಿತು. ಸ್ಟೀರಿಂಗ್ ಹಿಡಿದೇ ಮಗಳು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಸೀರೆಯ ಮೇಲೆ ಅಪ್ಪನ ಕಿತ್ತಳೆ ಬಣ್ಣದ ಜಾಕೆಟ್ಟು ಇತ್ತು, ಮೊಣಕಾಲ ತನಕ.

"ಪೇಟೆಗೆ ಬರಲ್ಲ ಅಂದಿದ್ದು ಇದಕ್ಕೇನಾ?"

"ಹತ್ತಿಸ್ಕೋತೀಯೋ ಇಲ್ವೋ?"

"ಹತ್ತು ಹತ್ತು. ನಿಂಗೆ ಟಿಕೆಟ್ಟಿಲ್ಲ."

ಇಳಿಯುವಾಗ ಮೂವತ್ತೊಂದನೆಯ ಗೀಟಿನ ಹತ್ತಿರ ಎದುರಿನ ಗಾಡಿಗೆ ಬಸ್ಸು ಕಾಯಬೇಕಾಯಿತು. ಹೊಸದಾಗಿ ಕಂಡ ಬಂಡೆಯ ಮೈ ಗೋಧಿಹಿಟ್ಟಿನ ಬಣ್ಣಕ್ಕಿತ್ತು. ಇದೇನು ಎಂದು ಯಾರೋ ಕೇಳಿದರು. ಮಗಳು ಮೈಕು ತೆಗೆದುಕೊಂಡಳು. ಅದರಲ್ಲಿ ಅವಳು ಪ್ರತಿದಿನ ಹೇಳುತ್ತಿದ್ದದ್ದು ಕೆರೆಯ ಆಳ, ಬೆಟ್ಟದ ಎತ್ತರ.

"ಎಡಗಡೆ ಕಾಣೋದು," ಎಂದಳು, "ಒಂದು ಬಸ್ಸಿನಷ್ಟು ದೊಡ್ಡ ಬಂಡೆ ಇದ್ದ ಜಾಗ. ಅದನ್ನ ಬೀಳಿಸಿದವರು ಮೊದಲನೇ ಸೀಟಿನಲ್ಲಿ ಕೂತಿದ್ದಾರೆ. ಹೆದರಬೇಡಿ, ನಮ್ಮಮ್ಮ."

ಬಸ್ಸೆಲ್ಲ ಚಪ್ಪಾಳೆ. ಅವಳಿಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. "ಗಾಡಿ ಬಿಡೇ, ಬಾಯಿಬಡುಕಿ," ಎಂದಳು. ಬೆನ್ನು ಮಾತ್ರ ನೆಟ್ಟಗೆ ಮಾಡಿಕೊಂಡು ಕೂತಳು.

ಅದಾಗಿ ನಾಲ್ಕು ವರ್ಷವಾಯಿತು. ಒಂದು ಕಲ್ಲೂ ಯಾರ ಮೇಲೂ ಬಿದ್ದಿಲ್ಲ. ಗೋಧಿಹಿಟ್ಟಿನ ಬಣ್ಣದ ಆ ಮೈಯಲ್ಲೂ ಒಂದು ಎಳೆಬಿರುಕು ಇದೆ. ಅದಕ್ಕೆ ಅಡ್ಡವಾಗಿ ಅವಳ ಗೀಟಿದೆ, ಅದಕ್ಕೂ ಮೂವತ್ತೊಂದೇ ನಂಬರು. ಸುರಂಗದ ಬಾಯಿಯಲ್ಲಿ ನೀರು ಜಿನುಗುವುದರಿಂದ ಬೆಳಿಗ್ಗೆ ಅದು ಒದ್ದೆಯಾಗಿರುತ್ತದೆ, ಸರಿಯಾಗಿ ಕಾಣುವುದಿಲ್ಲ. ಅವಳು ಅಲ್ಲೇ ಇಟ್ಟಿರುವ ಏಣಿ ಹತ್ತಿ ಗೀಟಿನ ಮೇಲಿನ ನೀರನ್ನು ಒಣಬಟ್ಟೆಯಲ್ಲಿ ಒತ್ತಿ ತೆಗೆಯುತ್ತಾಳೆ, ಉಜ್ಜುವುದಿಲ್ಲ. ಬೆರಳನ್ನು ಬಲದಿಂದ ಎಡಕ್ಕೆ ಗೀಟಿನ ಮೇಲೆ ಎಳೆಯುತ್ತಾಳೆ. ಬೆರಳು ಎಲ್ಲೂ ಎಡವದಿದ್ದರೆ, ಜಾಕೆಟ್ಟಿನ ಜೇಬಿನಿಂದ ಪುಸ್ತಕ ತೆಗೆದು, ಚೌಕದಲ್ಲಿ ನೇರ ಗೀಟು ಹಾಕಿ, ಮೂವತ್ತೆರಡಕ್ಕೆ ಹೋಗುತ್ತಾಳೆ.